ಒಂದು ಬೈಗುಳದಷ್ಟು ಬೆಳಕು

ಊರಿನ ಅರ್ಧ ಜನ ನಗುವುದು ಗೂಬೆಮಾಮನ ಹಲ್ಲಿನಿಂದ. ಇದು ಉತ್ಪ್ರೇಕ್ಷೆಯಲ್ಲ, ಉತ್ಪಾದನೆ. ಹಲ್ಲಿನ ದವಾಖಾನೆಯ ಹಿಂದುಗಡೆಯ ಕೋಣೆಯಲ್ಲಿ, ಮೇಣ, ಪ್ಲಾಸ್ಟರ್ ಮತ್ತು ಸ್ಪಿರಿಟ್ ದೀಪದ ವಾಸನೆಯ ನಡುವೆ ಕೂತು, ತಲೆಗೂದಲು ಕಪ್ಪಗಿದ್ದ ಕಾಲದಿಂದಲೂ ಅವನು ಕಟ್ಟುಹಲ್ಲು ಮಾಡುತ್ತ ಬಂದಿದ್ದಾನೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಗಾದೆ ಕಟ್ಟಿದವರಿಗೆ ಅವನ ವಿಳಾಸ ಗೊತ್ತಿರಲಿಲ್ಲ, ಅಷ್ಟೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಇನ್ನೊಂದು ಗಾದೆ ಮಾತ್ರ ಅವನಿಗೆಂದೇ ಅಳತೆ ತೆಗೆದು ಹೊಲಿಸಿದಂತಿತ್ತು. ಅವನ ಬಾಯಿಯ ಮೇಲ್ಸಾಲು ಪೂರ್ತಿ ಬಿದ್ದುಹೋಗಿ, ತಾನೇ ಮಾಡಿದ ಸೆಟ್ಟನ್ನು ತಾನೇ ಹಾಕಿಕೊಂಡು ಓಡಾಡುತ್ತಿದ್ದ.

ಗೂಬೆಮಾಮ ಎಂಬ ಹೆಸರು ಬೀದಿಯ ಮಕ್ಕಳು ಇಟ್ಟದ್ದು. ಹಗಲೆಲ್ಲ ಬಿಳಿ ಹಲ್ಲನ್ನೇ ನೋಡಿ ದಣಿದ ಕಣ್ಣು ಕತ್ತಲೆಯನ್ನು ಬೇಡುತ್ತಿತ್ತೋ ಏನೋ, ಊರು ಮಲಗುವ ಹೊತ್ತಿಗೆ ಅವನು ಹಳೆಯ ಕ್ಯಾಮೆರಾ ಹೆಗಲಿಗೇರಿಸಿ, ಮುಕ್ಕಾಲಿಯ ಸ್ಟ್ಯಾಂಡನ್ನು ಕಂಕುಳಲ್ಲಿ ಒತ್ತಿಕೊಂಡು ಬೀದಿಗಿಳಿಯುತ್ತಿದ್ದ. ಮುಚ್ಚಿದ ಅಂಗಡಿಗಳ ತಗಡಿನ ಬಾಗಿಲು, ಕಂಬಕ್ಕೆ ಒರಗಿ ನಿದ್ದೆಹೋದ ಸೈಕಲ್ಲು, ಯಾರೋ ಮರೆತುಹೋದ ಒಂಟಿ ಚಪ್ಪಲಿ, ಇವುಗಳ ಚಿತ್ರ ತೆಗೆಯುತ್ತಿದ್ದ. ಕ್ಯಾಮೆರಾ ಅವನಿಗಿಂತ ವಯಸ್ಸಿನಲ್ಲಿ ಹಿರಿಯದು. ಬಾಗಿಲು ಹಾಕಿದ ಸ್ಟುಡಿಯೋ ಒಂದರ ಕಪಾಟಿನಿಂದ ಬಂದದ್ದು. ಕೊಂಡಿ ತೆಗೆದರೆ ಮುಂಭಾಗ ಬಿಚ್ಚಿಕೊಂಡು, ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಲೆನ್ಸು ಹೊರಗೆ ಬರುತ್ತದೆ. ಬೆನ್ನಿನಲ್ಲಿ ಒಂದು ಪುಟ್ಟ ಕೆಂಪು ಗಾಜಿನ ಕಿಂಡಿ. ಫಿಲ್ಮು ಸುತ್ತಿದಂತೆಲ್ಲ ಆ ಕಿಂಡಿಯಲ್ಲಿ ಅಂಕಿ ಬದಲಾಗಿ, ರೋಲಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಬೆಳಕನ್ನು ಅಳೆಯುವ ಸಾಧನ ಅದರಲ್ಲಿಲ್ಲ. ರಾತ್ರಿಯ ಚಿತ್ರಕ್ಕೆ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಅದರ ಕಣ್ಣು ತೆರೆದಿರುತ್ತದೆ, ಬೆರಳು ಎತ್ತಿದರೆ ಮುಚ್ಚುತ್ತದೆ. ಎಷ್ಟು ಹೊತ್ತು ಎನ್ನುವುದೇ ವಿದ್ಯೆ. ಕಡಿಮೆಯಾದರೆ ಕಾಡಿಗೆ, ಹೆಚ್ಚಾದರೆ ಸುಣ್ಣ.

ಬೇರೆಯವರು ಇದಕ್ಕೆ ಗಡಿಯಾರ ಇಟ್ಟುಕೊಳ್ಳುತ್ತಾರೆ. ಗೂಬೆಮಾಮನಿಗೆ ಹೆಂಡತಿ ಇದ್ದಳು.

ಅದು ಶುರುವಾದದ್ದು ಹೀಗೆ. ಕ್ಯಾಮೆರಾ ಬಂದ ಹೊಸತರಲ್ಲಿ ಒಂದು ರಾತ್ರಿ ಅವನು ಎದುರುಗಡೆಯ ಗೋದಾಮಿನ ಗೋಡೆಗೆ ಬೆನ್ನು ಕೊಟ್ಟು ತನ್ನ ಮನೆಯ ಚಿತ್ರವನ್ನೇ ತೆಗೆಯುತ್ತಿದ್ದ. ಗುಂಡಿ ಒತ್ತಿ, ಮನಸ್ಸಿನಲ್ಲೇ ಒಂದು ಎರಡು ಎನ್ನುವಷ್ಟರಲ್ಲಿ ಬೀದಿ ಕಡೆಯ ಕಿಟಕಿ ಧಡಾರನೆ ತೆರೆಯಿತು. ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಅವಳ ಹೊಲಿಗೆ ಯಂತ್ರ ಇದ್ದದ್ದು ಆ ಕಿಟಕಿಯ ಪಕ್ಕದಲ್ಲೇ. ಮುಂದಿನ ಎರಡು ಹಲ್ಲುಗಳ ನಡುವೆ ಅವಳಿಗೊಂದು ಸಂದು. ‘ಸ’ ಬಂದಾಗಲೆಲ್ಲ ಅಲ್ಲಿಂದ ಎಳೆಯಷ್ಟು ಸಣ್ಣ ಸೀಟಿ ಹೊರಡುತ್ತಿತ್ತು.

“ಏನ್ರೀ! ಸೊಳ್ಳೆಗೂ ಒಂದು ಸಂಸಾರ ಇದೆ, ಸಾಕಾದ್ರೆ ಮನೆ ಸೇರುತ್ತೆ. ನಿಮಗೇನ್ರೀ ಬಂದಿದೆ, ಸರಿರಾತ್ರೀಲಿ ಕಂಬದ ಜೊತೆ ಕಂಬ ಆಗಿ ನಿಲ್ಲೋಕೆ? ಊಟ ಆರಿತು, ಹಾಸಿಗೆ ಆರಿತು, ಇನ್ನು ದೀಪ ಒಂದು ಆರಬೇಕು. ಬರ್ತೀರೋ, ಇಲ್ಲ ಅದನ್ನೂ ಆರಿಸ್ಲೋ?”

“ಇದೊಂದೇ ಕಣೇ!” ಎಂದು ಅವನು ಬೀದಿಯಿಂದಲೇ ಕೂಗಿದ.

“ಹೂಂ, ಯಮ ಬಂದು ಕರೆದ್ರೂ ಇದನ್ನೇ ಹೇಳಿ!”

ಕಿಟಕಿ ಮುಚ್ಚಿತು. ಚಿಲಕ ಬಿತ್ತು, ಟಪ್. ಆ ಸದ್ದಿಗೆ ಬೆಚ್ಚಿ ಅವನ ಬೆರಳು ಗುಂಡಿಯಿಂದ ಎದ್ದಿತು. ಎಣಿಕೆ ಎಂದೋ ಕೆಟ್ಟುಹೋಗಿತ್ತು. ಹಾಳಾಯಿತು ಎಂದುಕೊಂಡೇ ಮರುದಿನ ಬಚ್ಚಲಿನ ಕತ್ತಲಲ್ಲಿ ರೋಲನ್ನು ತೊಳೆದ. ಹಾಳಾಗಿದ್ದದ್ದು ಉಳಿದ ಚಿತ್ರಗಳು. ಬೈಸಿಕೊಂಡದ್ದು ಮಾತ್ರ ಬೆಣ್ಣೆಯಂತೆ ಬಂದಿತ್ತು. ಗೋಡೆಯ ಬಿರುಕು, ಮೆಟ್ಟಿಲಿನ ಸವೆತ, ಹೊಸ್ತಿಲಿನ ನೆರಳು ಎಲ್ಲ ಇದ್ದವು.

ಅಂದಿನಿಂದ ಅದೇ ಅಳತೆಯಾಯಿತು. ದೀಪ ಹೆಚ್ಚಿರುವ ವೃತ್ತದಲ್ಲಿ ಸೊಳ್ಳೆಯ ಸಂಸಾರದವರೆಗೆ, ಒಂದೇ ಕಂಬವಿರುವ ಬೀದಿಗೆ ಕಂಬದವರೆಗೆ, ಕಣ್ಣಿಗೆ ಕೈ ಕಾಣದ ಓಣಿಗೆ ಸವಾಲು, ಜವಾಬು, ಯಮ, ಚಿಲಕ ಎಲ್ಲ ಸೇರಿ ಪೂರ್ತಿ ಬೈಗುಳ. ಅವನು ಹುಟ್ಟಾ ಅಣಕುಗಾರ. ಹೊಸ ಹಲ್ಲು ಹಾಕಿಸಿಕೊಂಡವರ ಮಾತನ್ನು ಅವರೆದುರೇ ಆಡಿ ತೋರಿಸಿ ಬೈಸಿಕೊಂಡವನು. ಹೆಂಡತಿ ಕೂಗಿ ಬೈಯಲಾಗದ ದೂರದ ಬೀದಿಗಳಲ್ಲಿ ತಾನೇ ಅವಳ ದನಿ ತೆಗೆದು ಬೈದುಕೊಂಡು, ತಾನೇ “ಇದೊಂದೇ ಕಣೇ” ಎಂದು ಉತ್ತರಿಸಿ, ಚಿಲಕದ ಜಾಗದಲ್ಲಿ ಬೆರಳು ಎತ್ತುತ್ತಿದ್ದ. ರೋಲಿನ ಕೊನೆಯ ಚಿತ್ರವನ್ನು ಮಾತ್ರ ಎಲ್ಲಿ ಸುತ್ತಿದರೂ ತನ್ನ ಮನೆಯೆದುರಿಗೆ ಬಂದೇ ತೆಗೆಯುತ್ತಿದ್ದ. ಅದಕ್ಕೆ ಉತ್ತರ ಬೇರೆ: “ಬಂದೆ ಕಣೇ.” ಆಗ ಯಮನೂ ಇಲ್ಲ, ಚಿಲಕವೂ ಇಲ್ಲ. ಒಳಗಿನಿಂದ ತಲೆಬಾಗಿಲಿನ ಸರಪಣಿ ಕಳಚುವ ಸದ್ದು. ಅವನು ಬೆರಳು ಎತ್ತಿ, ಸ್ಟ್ಯಾಂಡು ಮಡಚಿ ಒಳಗೆ ಹೋಗುತ್ತಿದ್ದ.

ಅವಳಿಗೂ ಇದು ಗೊತ್ತಿತ್ತು. “ನನ್ನ ಬಾಯಿ ನಿಮಗೆ ಅಳತೆ ಟೇಪಾ?” ಎಂದು ಮುಖ ತಿರುವಿದರೂ, ಚಿತ್ರಗಳು ಒಣಗಿ ಬಂದಾಗ ಒಂದೊಂದನ್ನೇ ಕೈಗೆತ್ತಿಕೊಂಡು, “ಇದಕ್ಕೆ ನಾನು ಎಷ್ಟು ಬೈದೆ?” ಎಂದು ಕೇಳುತ್ತಿದ್ದಳು. ಮಾತು ಬೆಳ್ಳಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಫಿಲ್ಮಿನ ಮೇಲಿರುವುದೂ ಬೆಳ್ಳಿಯೇ. ಅವಳ ಮಾತೆಲ್ಲ ಹಾಗೆ ಬೆಳ್ಳಿಯಾಗಿ, ಚಿತ್ರವಾಗಿ ಡಬ್ಬಿಗಳಲ್ಲಿ ತುಂಬಿತು.

ಮೌನ ಬಂಗಾರ ಎನ್ನುವ ಉಳಿದರ್ಧ ಬೇಗನೇ ಬಂತು. ಒಂದು ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂದು, ಆಸ್ಪತ್ರೆಗೆ ಹೋಗಿ, ಹಿಂದಿರುಗಲಿಲ್ಲ. ಆ ಬಂಗಾರವನ್ನು ಎಲ್ಲಿಡಬೇಕೋ ಗೂಬೆಮಾಮನಿಗೆ ತಿಳಿಯಲಿಲ್ಲ.

ಎಷ್ಟೋ ತಿಂಗಳು ಕ್ಯಾಮೆರಾ ಮಡಚಿದಂತೆಯೇ ಇತ್ತು. ಆಮೇಲೊಂದು ರಾತ್ರಿ ನಿದ್ದೆ ಬಾರದೆ ಎದ್ದು, ಗೋದಾಮಿನ ಗೋಡೆಗೆ ಹೋಗಿ ನಿಂತ. ಗುಂಡಿ ಒತ್ತಿದ. ಬಾಯಿ ತನ್ನಷ್ಟಕ್ಕೆ ಶುರುಮಾಡಿತು, “ಏನ್ರೀ! ಸೊಳ್ಳೆಗೂ ಒಂದು ಸಂಸಾರ ಇದೆ...” ಮೊದಲ ಸಲ ನಡುವೆಯೇ ಬೆರಳು ಎತ್ತಿಬಿಟ್ಟ. ಎರಡನೆಯ ಸಲ ಕೊನೆ ಮುಟ್ಟಿದ. ಚಿತ್ರ ಬಂತು, ಸರಿಯಾಗಿಯೇ ಬಂತು. ಅವನಿಗೆ ಹೇಗನ್ನಿಸಿತೆಂದರೆ, ಮನೆಯಲ್ಲಿ ಅವಳು ಎಲ್ಲಿಯೂ ಇಲ್ಲ, ಆದರೆ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಇದ್ದಾಳೆ. ಆ ಇರುವಿಕೆಗಾಗಿ ದಿನವೂ ಹೊರಗೆ ಹೋಗತೊಡಗಿದ.

ಗೋದಾಮಿಗೆ ಹೊಸ ಕಾವಲುಗಾರ ಬಂದಿದ್ದ. ಒಂದು ರಾತ್ರಿ ಟಾರ್ಚು ಹಿಡಿದು ಹತ್ತಿರ ಬಂದ.

“ಏನ್ ಸಾರ್, ಫೋನಲ್ಲಿ ಮನೆಯವರಾ?”

“ಹೂಂ... ಅಲ್ಲ. ಸುಮ್ನೆ.”

“ಅಲ್ಲ, ನಾನೂ ಆಗ್ಲಿಂದ ನೋಡ್ತಾ ಇದೀನಿ. ಬೈಯೋದೂ ನೀವೇ, ಬೈಸ್ಕೊಳ್ಳೋದೂ ನೀವೇ, ಉತ್ತರ ಕೊಡೋದೂ ನೀವೇ! ನಾಟಕದೋರಾದ್ರೂ ಎರಡು ಪಾತ್ರಕ್ಕೆ ಎರಡು ಜನ ಇಟ್ಕೋತಾರೆ ಸಾರ್. ಬೇಜಾರ್ ಮಾಡ್ಕೋಬೇಡಿ, ನೈಟ್ ಡ್ಯೂಟೀಲಿ ನಂಗೆ ದೆವ್ವಕ್ಕಿಂತ ಹುಚ್ಚರ ಭಯ ಜಾಸ್ತಿ.”

ಗೂಬೆಮಾಮನಿಗೆ ಮೈಯೆಲ್ಲ ನಾಚಿಕೆಯಾಯಿತು. ಅಂದಿನಿಂದ ದನಿ ತಗ್ಗಿಸಿದ. ಅವಳ ಮಾತನ್ನು ತುಟಿಯೊಳಗೇ ಆಡಿ, ಮಿಕ್ಕಿದ್ದನ್ನು ನುಂಗಿಕೊಂಡ.

ಕೆಲವು ವಾರಗಳಾದ ಮೇಲೆ ಚಿತ್ರಗಳು ತೆಳ್ಳಗಾಗತೊಡಗಿದವು. ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು. ಬೆಳಕು ಬಿದ್ದಲ್ಲಿ ಕಪ್ಪು, ಬೀಳದಲ್ಲಿ ಫಿಲ್ಮು ಬರಿಯ ಗಾಜಿನಂತೆ. ಈಗ ಹಿಡಿದು ನೋಡಿದರೆ ಗಾಜೇ ಹೆಚ್ಚು. ಮನೆಯ ಗೋಡೆ ಹಾಲಿನ ಕೆನೆಯಷ್ಟು ತೆಳುವಾಗಿ ಮೂಡಿ, ಮೆಟ್ಟಿಲು, ಹೊಸ್ತಿಲು ಕಾಣೆಯಾಗಿದ್ದವು. ಗೂಬೆಮಾಮ ಫಿಲ್ಮಿನ ಕಂಪನಿ ಬದಲಿಸಿದ. ತೊಳೆಯುವ ದ್ರಾವಣ ಬದಲಿಸಿದ. ಬೀದಿದೀಪದ ಬಲ್ಬನ್ನೂ ಅನುಮಾನಿಸಿದ. ಕ್ಯಾಮೆರಾ ರಿಪೇರಿಯವನು ಕಣ್ಣಿಗೆ ಭೂತಗಾಜು ಹಾಕಿ ನೋಡಿ, “ಇದು ಇನ್ನೂ ನಿಮ್ಮನ್ನೂ ನನ್ನನ್ನೂ ಕಳಿಸಿ ಬರುತ್ತೆ” ಎಂದು ವಾಪಸು ಕೊಟ್ಟ.

ಹಾಗಾದರೆ ಕೆಟ್ಟಿರುವುದು ಉಳಿದ ಒಂದೇ ಭಾಗ, ಬೈಗುಳ.

ಆ ವಿಚಾರ ಬಂದ ದಿನ ಗೂಬೆಮಾಮ ಕೈಯಲ್ಲಿದ್ದ ಮೇಣದ ಅಚ್ಚನ್ನು ಕೆಳಗಿಟ್ಟುಬಿಟ್ಟ. ಬೈಗುಳ ಮೋಟಾಗುತ್ತಿದೆ. ಮಾತುಗಳೆಲ್ಲ ನೆನಪಿವೆ, ಒಂದಕ್ಷರ ಬಿಟ್ಟಿಲ್ಲ. ಅಂದರೆ ಅವಳು ಎಳೆಯುತ್ತಿದ್ದ ಎಳೆತ, ನಿಲ್ಲಿಸುತ್ತಿದ್ದ ನಿಲುಗಡೆ, ತೆಗೆದುಕೊಳ್ಳುತ್ತಿದ್ದ ಉಸಿರು ಇವೇ ಒಂದೊಂದಾಗಿ ಉದುರುತ್ತಿರಬೇಕು. ಹಲ್ಲು ಬಿದ್ದ ಹಾಗೆ. ಒಂದು ದಿನ ಬೈಗುಳ ಬರಿಯ ಮಾತಾಗುತ್ತದೆ. ಆಗ ಅವಳು ಎರಡನೆಯ ಸಲ ಹೋಗುತ್ತಾಳೆ. ಈ ಸಲ ಅವಳನ್ನು ಕಳಿಸಿದವನು ತಾನೇ ಆಗಿರುತ್ತಾನೆ.

ವಾರಕ್ಕೊಮ್ಮೆ ಬರುವ ಮಗಳಿಗೆ ಹೇಳಿದ. ಅವಳು ಶಾಲೆಯೊಂದರಲ್ಲಿ ಆಟದ ಟೀಚರು. ಕೊರಳಲ್ಲಿ ಸದಾ ಸೀಟಿ. “ಅಮ್ಮನದು ಹುಟ್ಟುಸೀಟಿ, ನಂದು ಕೊಂಡಿದ್ದು” ಎಂದು ನಗುವವಳು.

“ಫೋನಲ್ಲಿ ಟೈಮರ್ ಇದೆಯಲ್ಲಪ್ಪ. ಸೆಕೆಂಡು ನಾಲ್ಕು ಜಾಸ್ತಿ ಇಡಿ, ಮುಗೀತು.”

“ಸೆಕೆಂಡು ಯಾರದಾದ್ರೂ ಆಗುತ್ತಮ್ಮ. ನನಗೆ ಬೇಕಿರೋದು ಅವಳದು. ನಿನ್ನ ಫೋನಲ್ಲಿ ಅವಳ ದನಿ ಇಲ್ವಾ?”

ಇತ್ತು. ಇಬ್ಬರೂ ಕೂತು ಕೇಳಿದರು. ಆದರೆ ಫೋನು ಎದುರಿಗೆ ಹಿಡಿದರೆ ಅವಳಿಗೆ ಬಾಯಿ ಕಟ್ಟುತ್ತಿತ್ತು. ಸೆರಗು ಸರಿಮಾಡಿಕೊಂಡು, ತುಟಿ ಬಿಗಿಹಿಡಿದು, ವಾರ್ತೆ ಓದುವವರ ಹಾಗೆ, “ನಾವೆಲ್ಲರೂ ಕ್ಷೇಮ. ತಾವೂ ಕ್ಷೇಮವೆಂದು ಭಾವಿಸುತ್ತೇನೆ” ಎಂದಿದ್ದಳು. ತಾವು ಅಂತೆ! ಹುಟ್ಟಿದಾರಭ್ಯ ಯಾರನ್ನೂ ತಾವು ಎನ್ನದವಳು. ಮಗಳು ನಗಲು ಹೋಗಿ ಅತ್ತಳು. ಜನ ಹಾಡನ್ನು ಹಿಡಿದಿಡುತ್ತಾರೆ, ಮಗುವಿನ ತೊದಲು ಹಿಡಿದಿಡುತ್ತಾರೆ. ಬೈಗುಳವನ್ನು ಯಾರು ಹಿಡಿದಿಡುತ್ತಾರೆ? ಅದು ನಾಳೆಯೂ ಬಿಟ್ಟಿ ಸಿಗುತ್ತದೆ ಎಂದೇ ಎಲ್ಲರ ಲೆಕ್ಕ.

ಕೆಲಸದ ಕೋಣೆಯ ಗೋಡೆಗೆ ಉದ್ದಕ್ಕೆ ಮರದ ಹಲಗೆಗಳಿದ್ದವು. ಅವುಗಳ ಮೇಲೆ ಪ್ಲಾಸ್ಟರಿನ ಬಾಯಿಗಳು ಸಾಲಾಗಿ ಕೂತಿದ್ದವು, ಸಭೆ ಮುಗಿದರೂ ಎದ್ದು ಹೋಗದವರ ಹಾಗೆ. ತೀರಿಹೋದವರ ಬಾಯಿಗಳೂ ಅವುಗಳಲ್ಲಿದ್ದವು. ಯಾರೂ ಎಸೆದಿರಲಿಲ್ಲ. ಒಂದು ಸಂಜೆ ಅಲ್ಲಿ ಬೇರೇನೋ ಹುಡುಕುತ್ತಿದ್ದ ಗೂಬೆಮಾಮನ ಕೈಗೆ ಮೂಲೆಯಲ್ಲಿದ್ದ ಅಚ್ಚೊಂದು ತಗುಲಿತು. ಮುಂದಿನ ಹಲ್ಲುಗಳ ನಡುವೆ ಸಂದು. ಎಡಗಡೆಯ ಒಂದು ಹಲ್ಲು ಪಕ್ಕದವನ ಭುಜ ಸವರಿದಂತೆ ತುಸು ವಾರೆ.

ಮಗಳ ಮದುವೆಯ ಹೊತ್ತಿಗೆ ಆ ಸಂದನ್ನು ಮುಚ್ಚಿಸಬೇಕೆಂದು ಹೆಂಡತಿ ಬಂದು ಬಾಯಿಯ ಅಚ್ಚು ಕೊಟ್ಟಿದ್ದಳು. ಮರುದಿನ ಮನಸ್ಸು ಬದಲಿಸಿದಳು. “ಬೇಡಿ. ಸೀಟಿ ಹೋದ್ರೆ ಆಮೇಲೆ ನಿಮ್ಮನ್ನ ಕರೆಯೋದು ಹೇಗೆ?” ಅಚ್ಚು ಮಾತ್ರ ಹಲಗೆಯ ಮೇಲೆ ಉಳಿಯಿತು.

ಹಲ್ಲು ಬದಲಾದರೆ ದನಿ ಬದಲಾಗುತ್ತದೆ ಎನ್ನುವುದು ಅವನ ಕಸುಬಿನಲ್ಲಿ ದಿನನಿತ್ಯದ ಮಾತು. ಹಿಂದೊಮ್ಮೆ ಒಬ್ಬ ಬಸ್ ಡ್ರೈವರನಿಗೆ ಹೊಸ ಸೆಟ್ಟು ಕೂಡಿಸಿ ಕಳಿಸಿದ್ದ. ಅವನು ಮನೆಗೆ ಹೋಗಿ ಬಾಗಿಲಲ್ಲಿ “ನೀರು ಕೊಡು” ಎಂದನಂತೆ. ಹೆಂಡತಿ ಒಳಗಿನಿಂದಲೇ ಗಾಬರಿಯಾಗಿ, “ಮಾವ, ಯಾವಾಗ ಬಂದ್ರಿ?” ಎಂದಳಂತೆ. ಮಾವ ತೀರಿಹೋಗಿ ವರ್ಷಗಳಾಗಿದ್ದವು. ಡ್ರೈವರು ವಾಪಸು ಬಂದು, “ಹಲ್ಲು ಸ್ವಲ್ಪ ಉಜ್ಜಿಕೊಡಿ ಸಾರ್, ಅಪ್ಪ ಹೋಗ್ಲಿ” ಎಂದಿದ್ದ. ದವಾಖಾನೆಯೆಲ್ಲ ನಕ್ಕಿತ್ತು.

ಈಗ ಗೂಬೆಮಾಮ ನಗಲಿಲ್ಲ. ಅಪ್ಪ ಹೋಗಬಹುದಾದರೆ, ಬರಲೂಬಹುದು.

ಅವನು ತನ್ನ ಅಂಗುಳಿನ ಅಳತೆಗೆ ತಳ ಮಾಡಿದ. ಅದರ ಮೇಲೆ ಮೇಣವಿಟ್ಟು, ಅವಳ ಅಚ್ಚನ್ನು ಎದುರಿಗಿಟ್ಟುಕೊಂಡು, ಒಂದೊಂದೇ ಹಲ್ಲನ್ನು ಅವಳ ಹಲ್ಲು ನಿಂತಂತೆ ನಿಲ್ಲಿಸುತ್ತ ಹೋದ. ಸಂದು ಅಷ್ಟೇ. ವಾರೆ ಅಷ್ಟೇ. ಹೊಲಿಯುವಾಗ ದಾರ ಕಚ್ಚಿ ಕಚ್ಚಿ ಒಂದು ಹಲ್ಲಿನ ತುದಿ ಸವೆದಿತ್ತು. ಅದನ್ನೂ ಸಣ್ಣ ಅರದಲ್ಲಿ ಸವೆಸಿದ. ದವಾಖಾನೆಯ ಡಾಕ್ಟರಮ್ಮ ಹಾದುಹೋಗುವಾಗ ಬಗ್ಗಿ ನೋಡಿದಳು.

“ಇದೇನು ಮಾಮ, ಹೊಸ ಹಲ್ಲಿಗೆ ಸಂದು ಬಿಡ್ತಿದೀರ? ಪೇಷಂಟು ನಮ್ಮನ್ನ ಬಿಡ್ತಾರಾ? ಯಾರದಿದು?”

“ನಮ್ಮನೇದು.”

ಡಾಕ್ಟರಮ್ಮ ಹಲಗೆಯ ಮೇಲಿನ ಖಾಲಿ ಜಾಗ ನೋಡಿದಳು, ಅವನನ್ನು ನೋಡಿದಳು, ಕೈಗವಸು ಸರಿಮಾಡಿಕೊಳ್ಳುತ್ತ ಹೊರಗೆ ಹೋದಳು.

ಸೆಟ್ಟು ಸಿದ್ಧವಾದ ದಿನ ಮನೆಗೆ ತಂದು, ಬಚ್ಚಲಿನ ಕನ್ನಡಿಯ ಮುಂದೆ ತನ್ನದನ್ನು ತೆಗೆದು ಅದನ್ನು ಹಾಕಿಕೊಂಡ. ತುಟಿ ಮುಚ್ಚಿದಾಗ ಕನ್ನಡಿಯಲ್ಲಿ ಇದ್ದದ್ದು ಗೂಬೆಮಾಮನೇ. ತುಟಿ ತೆರೆದ. ಅವನ ಮುದಿಮುಖದ ನಡುವೆ ಅವಳ ನಗು ಕೂತಿತ್ತು. ಯಾರೋ ಬಾಗಿಲ ಸಂದಿನಿಂದ ಇಣುಕಿದ ಹಾಗೆ.

“ಸೊಳ್ಳೆಗೂ,” ಎಂದ. “ಸಂಸಾರ. ಸಾಕಾದ್ರೆ.” ಸೀಟಿ ಬಂತು. ಎಳೆಯಷ್ಟು ಸಣ್ಣದು, ಆದರೆ ಅದೇ. ಮಗಳು ಒಳಗೆ ಬಟ್ಟೆ ಮಡಚುತ್ತಿದ್ದಾಳೆ ಎನ್ನುವುದು ಅವನಿಗೆ ಮರೆತೇಹೋಗಿತ್ತು. “ಏನ್ರೀ! ಸೊಳ್ಳೆಗೂ ಒಂದು ಸಂಸಾರ ಇದೆ,” ಎಂದು ದನಿಯೆತ್ತಿದ.

“ಅಮ್ಮಾ?”

ಮಗಳು ಬಚ್ಚಲಿನ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿದ್ದ ಟವೆಲು ನೆಲಕ್ಕೆ ಬಿದ್ದಿತ್ತು. ಬಂದ ಮುಖವೇ ಬೇರೆ, ಅವನನ್ನು ಕಂಡ ಮೇಲಿನ ಮುಖವೇ ಬೇರೆ. ನಡುವೆ ಏನೋ ಮುರಿಯಿತು.

“ತೆಗೀರಿ ಅದನ್ನ.”

“ಅಲ್ಲ ಕಣಮ್ಮ, ಇದು...”

“ತೆಗೀರಿ ಅಂದೆ! ಅಮ್ಮನ ಬಾಯಲ್ಲಿ ನನ್ನ ಕಣಮ್ಮ ಅನ್ಬೇಡಿ.” ಅವಳು ಟವೆಲು ಎತ್ತಿಕೊಂಡಳು. “ಅವಳು ಬೈದ್ರೆ ನಿಮಗೆ ಒಂದು ಫೋಟೋ ಆದ್ರೂ ಬರುತ್ತೆ. ನಾನು ಓಡಿ ಬಂದೆನಲ್ಲಪ್ಪ. ನನಗೇನು ಬಂತು?”

ಅವನು ಸೆಟ್ಟು ತೆಗೆದು ನೀರಿನ ಲೋಟಕ್ಕೆ ಹಾಕಿದ. ಅವಳು ಹೋಗುವಾಗ ಬಾಗಿಲಲ್ಲಿ ನಿಂತು, ಟೀಚರಿನ ದನಿಯಲ್ಲಲ್ಲ, ಚಿಕ್ಕವಳಾಗಿದ್ದಾಗಿನ ದನಿಯಲ್ಲಿ ಹೇಳಿದಳು: “ರಾತ್ರಿ ಅದನ್ನ ಹಾಕ್ಕೊಂಡು ಹೊರಗೆ ಹೋಗ್ಬೇಡಿ. ಕರೆದ್ರೆ ಬರ್ತಾರೆ ಅಂತಲ್ಲ. ನೀವು ಹೋಗ್ಬಿಡ್ತೀರ ಅಂತ.”

ಹೋಗುವುದಿಲ್ಲ ಎಂದು ಅವನು ತಲೆಯಾಡಿಸಿದ. ಆ ರಾತ್ರಿ ಹೋಗಲಿಲ್ಲ. ಮರುರಾತ್ರಿಯೂ ಇಲ್ಲ. ಲೋಟದಲ್ಲಿ ಹೆಂಡತಿಯ ನಗು ನೀರಿನಡಿ ಕಾಯುತ್ತಿತ್ತು. ಅದರ ಮರುರಾತ್ರಿ, ದೀಪವೆಲ್ಲ ಆರಿಸಿ, ತಲೆಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಬೀದಿ ದಾಟಿದ.

ಗೋದಾಮಿನ ಗೋಡೆ ತಣ್ಣಗಿತ್ತು. ಎದುರಿಗೆ ಅವನ ಮನೆ. ಕಿಟಕಿಯ ಎರಡು ಬಾಗಿಲುಗಳಲ್ಲಿ ಒಂದು ತೆರೆದಿತ್ತು. ಧೂಳು ಹೊಡೆಯಲು ತೆರೆದ ಮಗಳು ಹಾಗೇ ಬಿಟ್ಟುಹೋಗಿದ್ದಳು. ಅದರಾಚೆ ಹೊಲಿಗೆ ಯಂತ್ರದ ಕೊರಳು ಕಂಡೂ ಕಾಣದಂತಿತ್ತು. ಕ್ಯಾಮೆರಾದ ಕೆಂಪು ಕಿಂಡಿಯಲ್ಲಿ ಕೊನೆಯದಕ್ಕೆ ಹಿಂದಿನ ಅಂಕಿ. ಅವನು ತನ್ನ ಹಲ್ಲು ಜೇಬಿಗಿಟ್ಟು ಹೆಂಡತಿಯದನ್ನು ಹಾಕಿಕೊಂಡ. ಗುಂಡಿ ಒತ್ತಿದ. ಕ್ಯಾಮೆರಾದ ಕಣ್ಣು ತೆರೆಯಿತು.

“ಏನ್ರೀ!”

ಅವನು ಅಣಕಿಸಲೇಬೇಕಾಗಲಿಲ್ಲ. ಹಲ್ಲುಗಳಿಗೆ ದಾರಿ ಗೊತ್ತಿತ್ತು. ನಾಲಗೆ ಅವುಗಳ ಹಿಂದೆ ಕುರುಡನ ಹಾಗೆ ನಡೆಯಿತು. ಸೊಳ್ಳೆ ಬಂತು, ಸಂಸಾರ ಬಂತು, ಸರಿರಾತ್ರಿಯ ‘ಸ’ದಲ್ಲಿ ಸೀಟಿ ಬಂದು ಬೀದಿಯ ಆ ತುದಿಗೆ ಹೋಗಿ ಮುಟ್ಟಿತು. ಊಟ ಆರಿತು, ಹಾಸಿಗೆ ಆರಿತು. “ಬರ್ತೀರೋ, ಇಲ್ಲ ಅದನ್ನೂ ಆರಿಸ್ಲೋ?”

ಅಲ್ಲಿಗೆ ನಾಲಗೆ ನಿಂತಿತು.

ಇಷ್ಟು ದಿನ ಅವನು ಅಲ್ಲಿಂದ ನೇರವಾಗಿ ಯಮನ ಮೇಲೆ ಹಾರುತ್ತಿದ್ದ. ಈಗ ಹಾರಲು ಹೋದ, ಬಾಯಿ ಒಪ್ಪಲಿಲ್ಲ. ಅವಳ ಹಲ್ಲು ಅವನ ಬಾಯಲ್ಲಿ ಅರ್ಧ ತೆರೆದು, ಕಿವಿಗೊಟ್ಟು, ಕಾಯುತ್ತ ನಿಂತಿತು. ಪ್ರಶ್ನೆ ಕೇಳಿದವರು ಉತ್ತರಕ್ಕೆ ಕಾಯುವ ಹಾಗೆ.

ಆಗ ಗೂಬೆಮಾಮನಿಗೆ ಬೆನ್ನಿನ ಗೋಡೆಗಿಂತ ತಣ್ಣಗೆ ಒಂದು ಸಂಗತಿ ತಿಳಿಯಿತು. ಬೆಳಕು ಸೋರಿಹೋಗುತ್ತಿದ್ದದ್ದು ಇಲ್ಲಿ. ಕಾವಲುಗಾರನಿಗೆ ನಾಚಿಕೊಂಡ ರಾತ್ರಿಯಿಂದ ಅವನು ನುಂಗುತ್ತ ಬಂದದ್ದು ಅವಳ ಮಾತನ್ನಲ್ಲ, ತನ್ನ ಉತ್ತರವನ್ನು. ಅವಳು ಒಂದು ಉಸಿರೂ ಕಡಿಮೆಯಾಗಿರಲಿಲ್ಲ. ಚಿತ್ರದಿಂದ ಮರೆಯಾಗುತ್ತಿದ್ದವನು ತಾನು. ದಿನವೂ ಅವಳನ್ನು ಕರೆದು, ಕೇಳಿಸಿ, ಉತ್ತರ ಕೊಡದೆ ಬಾಗಿಲು ಮುಚ್ಚಿ ಬರುತ್ತಿದ್ದ.

“ಇದೊಂದೇ,” ಎನ್ನಲು ಹೋದ. ಹೊರಬಂದದ್ದು ಅವಳ ದನಿ. ಬೆಚ್ಚಿ ಬಾಯಿ ಮುಚ್ಚಿದ. ಬಲಗೈ ಹೆಬ್ಬೆರಳು ಗುಂಡಿಯ ಮೇಲಿತ್ತು, ಅದನ್ನು ಅಲುಗಿಸದೆ, ಎಡಗೈಯಿಂದ ಸೆಟ್ಟು ಕಿತ್ತು ಅಂಗೈಯಲ್ಲಿ ಹಿಡಿದ. ಬಾಯಿ ಖಾಲಿಯಾಯಿತು. ಬೀದಿ ಖಾಲಿಯಾಗಿತ್ತು.

“ಕೇಳಿಸ್ತೇನ್ರೀ?”

ಬೀದಿಯ ಆಚೆಯಿಂದ. ‘ಸ’ದಲ್ಲಿ ಸೀಟಿ.

ಅವನು ಅಂಗೈಯನ್ನು ನೋಡಿದ. ಹಲ್ಲು ಅಲ್ಲೇ ಇತ್ತು, ಒದ್ದೆಯಾಗಿ. ತುಟಿ ಮುಚ್ಚಿತ್ತು. ಕಿಟಕಿಯೊಳಗಿನ ಕತ್ತಲೆ ಅಷ್ಟೇ ಕತ್ತಲೆಯಾಗಿತ್ತು. ಆದರೆ ಅದು ಈಗ ಖಾಲಿ ಕತ್ತಲೆಯಲ್ಲ, ಕೂತಿರುವ ಕತ್ತಲೆ.

ಮೊದಲು ಬಾಯಿಗೆ ಬಂದದ್ದು “ಬಂದೆ.” ಎಷ್ಟು ಸಲೀಸಾಗಿ ಬಂತೆಂದರೆ, ‘ಬ’ಕಾರಕ್ಕೆ ತುಟಿ ಆಗಲೇ ಕೂಡಿತ್ತು. ಅಂದುಬಿಟ್ಟರೆ ಸರಪಣಿ ಕಳಚುತ್ತದೆ. ಅವನು ಬೀಗ ಹಾಕಿ ಬಂದ ಬಾಗಿಲು ಒಳಗಿನಿಂದ ತೆರೆಯುತ್ತದೆ. ಅದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಜೇಬಿನಲ್ಲಿ ಕೀಲಿ ತೊಡೆಗೆ ಒತ್ತುತ್ತಿತ್ತು. ಬಚ್ಚಲಿನ ಬಾಗಿಲಿಗೆ ಓಡಿಬಂದ ಮಗಳ ಮುಖ ನೆನಪಾಯಿತು. ಮೊದಲಿನದಲ್ಲ, ಎರಡನೆಯದು.

“ಇದೊಂದೇ ಕಣೇ!” ಎಂದು ಕೂಗಿದ. ಹಲ್ಲಿಲ್ಲದ ಬಾಯಲ್ಲಿ ‘ದ’ ಸರಿಯಾಗಿ ಹುಟ್ಟಲಿಲ್ಲ. ಮುದುಕನೊಬ್ಬ ಮಗುವಿನ ಹಾಗೆ ತೊದಲಿದಂತಾಯಿತು. ಆದರೂ ದನಿ ಅವನದೇ.

“ಹೂಂ,” ಎಂದಿತು ಕಿಟಕಿ.

ಚಿಲಕ ಬಿತ್ತು, ಟಪ್. ಅವನ ಹೆಬ್ಬೆರಳು ತಾನಾಗಿ ಎದ್ದಿತು.

ಅವನು ಸ್ಟ್ಯಾಂಡು ಮಡಚತೊಡಗಿದ. ಗೋದಾಮಿನ ಮೂಲೆಯಿಂದ ಟಾರ್ಚಿನ ಬೆಳಕು ಕುಣಿಯುತ್ತ ಬಂತು. ಕಾವಲುಗಾರ ಅವನ ಬೆವರಿದ ಮುಖ ನೋಡಿ, ಸಮಾಧಾನ ಹೇಳುವವನಂತೆ ನಕ್ಕ.

“ಇವತ್ತು ಪರವಾಗಿಲ್ಲ ಸಾರ್. ಇಬ್ರಿದ್ರಿ.”

ಭಾನುವಾರ ಮಗಳು ಬಂದಾಗ ಬಚ್ಚಲಿನ ದಾರಕ್ಕೆ ರೋಲು ಒಣಗಲು ನೇತುಹಾಕಿತ್ತು. ಅವಳೇ ಬೆಳಕಿಗೆ ಹಿಡಿದು ನೋಡಿದಳು. ಮೆಟ್ಟಿಲು ಬಂದಿತ್ತು, ಹೊಸ್ತಿಲು ಬಂದಿತ್ತು, ಗೋಡೆಯ ಬಿರುಕು ಕೂದಲೆಳೆಯಷ್ಟು ಸ್ಪಷ್ಟವಾಗಿತ್ತು.

“ಸರಿಹೋಯ್ತಲ್ಲಪ್ಪ! ಟೈಮರ್ ಇಟ್ರಾ?”

“ಕಿಟಕಿ ನೋಡು.”

ಅವಳು ಕಣ್ಣು ಕಿರಿದು ಮಾಡಿದಳು. ಕಿಟಕಿಯ ಬಾಗಿಲು ಚಿತ್ರದಲ್ಲಿ ಎರಡು ಸಲ ಇತ್ತು. ತೆರೆದದ್ದೊಂದು, ಗಟ್ಟಿಯಾಗಿ. ಅದರ ಮೇಲೆ ಮುಚ್ಚಿದ್ದೊಂದು, ಉಸಿರು ತಾಗಿದ ಗಾಜಿನಂತೆ, ತೆಳ್ಳಗೆ. ಕಣ್ಣು ತೆರೆದಿರುವಾಗ ಅಲುಗಿದ್ದನ್ನು ಫಿಲ್ಮು ಹಾಗೆಯೇ ಬರೆಯುತ್ತದೆ.

“ಗಾಳಿ,” ಎಂದಳು ಮಗಳು.

“ಗಾಳಿಗೆ ಚಿಲಕ ಹಾಕೋಕೆ ಬರುತ್ತಾ?”

ಅವಳು ಮುಂದಿನ ಕೋಣೆಗೆ ಹೋದಳು. ಅವನು ಹಿಂದೆ ಹೋಗಲಿಲ್ಲ. ಅವಳು ಕಿಟಕಿಯ ಮುಂದೆ ನಿಂತದ್ದು, ಒಳಗಿನಿಂದ ಬಿದ್ದಿದ್ದ ಚಿಲಕವನ್ನು ಮುಟ್ಟಿ ನೋಡಿದ್ದು, ತೆರೆಯದೆ ಹಾಗೆಯೇ ಬಿಟ್ಟದ್ದು, ಎಲ್ಲ ಸದ್ದಿಲ್ಲದ್ದರಿಂದಲೇ ತಿಳಿಯಿತು. ಹಿಂದಿರುಗಿದವಳು ಲೋಟದಲ್ಲಿದ್ದ ಸೆಟ್ಟು ಎಲ್ಲಿ ಎಂದು ಕೇಳಿದಳು. ಅಚ್ಚಿನ ಜೊತೆ ಮತ್ತೆ ಹಲಗೆಯ ಮೇಲಿಟ್ಟೆ ಎಂದ. ಅದು ನಿಜ. ಅದಕ್ಕೇನೂ ಕೆಲಸ ಉಳಿದಿರಲಿಲ್ಲ.

ಈಗಲೂ ಗೂಬೆಮಾಮ ರಾತ್ರಿ ಹೊರಗೆ ಹೋಗುತ್ತಾನೆ. ಬೈಗುಳವನ್ನು ತನ್ನ ಹಲ್ಲಿನಿಂದಲೇ, ತನ್ನ ಅಣಕಿನಿಂದಲೇ ಬೈದುಕೊಳ್ಳುತ್ತಾನೆ. ಪ್ರಶ್ನೆ ಬಂದಲ್ಲಿ ನಿಂತು, ಯಾರು ಕೇಳಿದರೂ ಕೇಳಲಿ ಎಂದು ಗಟ್ಟಿಯಾಗಿ “ಇದೊಂದೇ ಕಣೇ” ಎನ್ನುತ್ತಾನೆ. ಕಾವಲುಗಾರ ದೂರದಿಂದಲೇ ಕೈಯೆತ್ತುತ್ತಾನೆ. ಚಿತ್ರಗಳು ಬೆಣ್ಣೆಯಂತೆ ಬರುತ್ತವೆ. ಮಗಳು ಅವನ್ನು ಕೈಗೆತ್ತಿಕೊಂಡು ತಾಯಿಯ ಹಾಗೆಯೇ ಕೇಳುತ್ತಾಳೆ, “ಇದಕ್ಕೆ ಎಷ್ಟು ಬೈಗುಳ?”

ಒಂದು ಮಾತ್ರ ಅವಳಿಗೆ ಅರ್ಥವಾಗದೆ ಹೋಗಿತ್ತು. ಪ್ರತಿ ರೋಲಿನ ಕೊನೆಯಲ್ಲಿ ಒಂದು ಚಿತ್ರದಷ್ಟು ಜಾಗ ಬರಿಯ ಗಾಜು.

“ಕೊನೇದು ಯಾವಾಗ್ಲೂ ಖಾಲಿ ಬಿಡ್ತೀರಲ್ಲ, ಯಾಕೆ?”

ಗೂಬೆಮಾಮ ಹೊಸ ರೋಲು ಹಾಕುತ್ತಿದ್ದ. ಕೆಂಪು ಕಿಂಡಿಯಲ್ಲಿ ಮೊದಲ ಅಂಕಿ ಬರುವವರೆಗೆ ಸುತ್ತಿ, ಕ್ಯಾಮೆರಾವನ್ನು ಮಡಚಿದ.

“ಅದಕ್ಕೆ ಉತ್ತರ ಬೇರೆ ಕಣಮ್ಮ,” ಎಂದ. “ನೀನು ಹೊರಡು, ಕತ್ತಲಾಯ್ತು.”

ಅವಳು ಕೊರಳಿನ ಸೀಟಿಯನ್ನು ತೆಗೆದು, “ಆ ಉತ್ತರ ಬಾಯಿಗೆ ಬಂದ್ರೆ ಮೊದ್ಲು ಇದನ್ನ ಊದಿ” ಎಂದು, ಅವನು ಬೇಡ ಎನ್ನುವಷ್ಟರಲ್ಲಿ, ಅವನ ಕ್ಯಾಮೆರಾದ ಪಟ್ಟಿಗೆ ಗಂಟು ಹಾಕಿ ಕಟ್ಟಿದಳು. ಗಂಟನ್ನು ಎಳೆದು ನೋಡಿ ಇನ್ನೊಂದು ಗಂಟು ಹಾಕಿದಳು.